ಹೃದಯದ ಫೋಟೋ ಮತ್ತು ಕಿಡ್ನಿಯ ಚಿಂತೆ

ನಮ್ಮ ಅಕ್ಕಲಕೋಟ ತಾಲೂಕಿನಲ್ಲಿ ಯಾರಿಗಾದರೂ ಎದೆನೋವು ಬಂತೆಂದರೆ ಮೊದಲು ಊರಿನ ಡಾಕ್ಟರ್, ಆಮೇಲೆ ಅಕ್ಕಲಕೋಟ, ಅಲ್ಲಿಂದ ಸೋಲಾಪುರ. ಇದು ಎಲ್ಲರಿಗೂ ಗೊತ್ತಿರುವ ದಾರಿ. ಸೋಲಾಪುರದಲ್ಲಿ ಇಸಿಜಿ ಆಗುತ್ತದೆ, ಎಕೋ ಆಗುತ್ತದೆ, ಕಡೆಗೆ ಡಾಕ್ಟರ್‌ಸಾಹೇಬರು ಆಂಜಿಯೋಗ್ರಫಿ ಮಾಡಬೇಕು ಅಂತಾರೆ. ಆಗ ಮನೆಯವರು ಕೇಳುವ ಪ್ರಶ್ನೆಗಳು ನಾಲ್ಕೇ. ಎಷ್ಟು ಬ್ಲಾಕ್ ಇರಬಹುದು? ಸ್ಟೆಂಟ್ ಯಾವ ಕಂಪನೀದು? ಖರ್ಚು ಎಷ್ಟು? ಫುಲೆ ಯೋಜನೆಯಾಗ ಬರ್ತದೇನು? ಸ್ಟೆಂಟಿನ ಬಗ್ಗೆ ಜನ ಇಷ್ಟು ಕೇಳುವುದಕ್ಕೆ ಕಾರಣವೂ ಇದೆ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿಸಿದ ಸ್ಟೆಂಟಿಗೆ 29,600 ರೂಪಾಯಿಯ ಮಿತಿ ಹಾಕಿದಾಗ ಎಲ್ಲ ಪೇಪರಿನಲ್ಲೂ ಅದೇ ಸುದ್ದಿ ಬಂತು. ಅಂದಿನಿಂದ ಹೊಲದಲ್ಲಿ ಕೆಲಸ ಮಾಡುವವರಿಗೂ ಸ್ಟೆಂಟ್ ಎಂಬ ಶಬ್ದ ಗೊತ್ತು.

ಆದರೆ ಆ ಸ್ಟೆಂಟ್ ಹಾಕಬೇಕೋ ಬೇಡವೋ ಎಂದು ತಿಳಿಯಬೇಕಾದರೆ ಮೊದಲು ರಕ್ತನಾಳದೊಳಗೆ ಒಂದು ಔಷಧ ಹೋಗಬೇಕು. ಅದನ್ನು ನಾವು ದವಾಖಾನೆಯಲ್ಲಿ ‘ಡೈ’ ಅಂತೀವಿ, ಜನ ‘ಬಣ್ಣ’ ಅಂತಾರೆ, ಪುಸ್ತಕದಲ್ಲಿ ಕಾಂಟ್ರಾಸ್ಟ್ ಅಂತ ಇರುತ್ತದೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಸೋಲಾಪುರದಲ್ಲಿ ಮೊದಲು ಎಕ್ಸ್‌ರೇ ವಿಭಾಗದಲ್ಲಿ, ಆಮೇಲೆ ಕ್ಯಾಥ್‌ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ ಕೆಲಸ ಮಾಡಿದವನು. ಸಾವಿರಾರು ಸಲ ಈ ಬಾಟಲಿಯ ಮುಚ್ಚಳ ತೆಗೆದಿದ್ದೇನೆ. ಡಾಕ್ಟರ್ ಅಲ್ಲ, ಆದ್ದರಿಂದ ಚಿಕಿತ್ಸೆ ಹೇಳುವುದಿಲ್ಲ. ಕಣ್ಣಾರೆ ಕಂಡದ್ದು, ಡಾಕ್ಟರರಿಂದ ಕೇಳಿ ಕಲಿತದ್ದು, ನಮ್ಮೂರಿನವರಿಗೆ ಉಪಯೋಗ ಆಗುವುದು ಇಷ್ಟನ್ನು ಬರೆಯುತ್ತೇನೆ.

ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ರಕ್ತ ಕಾಣುವುದಿಲ್ಲ. ಹೃದಯಕ್ಕೆ ರಕ್ತ ಕೊಡುವ ನಾಳಗಳು ಬರೀ ಮೂರು ನಾಲ್ಕು ಮಿಲಿಮೀಟರ್ ದಪ್ಪ. ಅವು ಕಾಣಬೇಕಾದರೆ ಎಕ್ಸ್‌ರೇಯನ್ನು ತಡೆಯುವ ಒಂದು ಭಾರವಾದ ವಸ್ತು ಒಳಗೆ ಹರಿಯಬೇಕು. ಆ ವಸ್ತು ಅಯೋಡಿನ್. ನಾವು ಉಣ್ಣುವ ಉಪ್ಪಿನಲ್ಲಿ ಚೂರೇ ಚೂರು ಇರುತ್ತದಲ್ಲ, ಅದೇ ಅಯೋಡಿನ್, ಆದರೆ ಡೈಯಲ್ಲಿ ಅದು ಬೇರೊಂದು ಅಣುವಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಮಣಿಕಟ್ಟಿನಿಂದಲೋ ತೊಡೆಯಿಂದಲೋ ಸಣ್ಣ ನಳಿಗೆ ಹಾಕಿ, ಹೃದಯದ ನಾಳದ ಬಾಯಿಗೆ ಹಿಡಿದು, ಒಂದೊಂದು ಸಲಕ್ಕೆ ಐದಾರು ಮಿಲಿಲೀಟರ್ ಡೈ ಬಿಡುತ್ತಾರೆ. ಎರಡು ಮೂರು ಸೆಕೆಂಡ್ ಪರದೆಯ ಮೇಲೆ ನಾಳಗಳು ಗಿಡದ ಟೊಂಗೆಯ ಹಾಗೆ ಕಪ್ಪಗೆ ಮೂಡಿ ಮಾಯವಾಗುತ್ತವೆ. ಅಷ್ಟರಲ್ಲಿ ಫೋಟೋ ಆಗಬೇಕು.

ಈ ಪದ್ಧತಿ ಹುಟ್ಟಿದ್ದು ಒಂದು ಆಕಸ್ಮಿಕದಿಂದ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೇಸನ್ ಸೋನ್ಸ್ ಎಂಬ ಡಾಕ್ಟರ್ ಒಬ್ಬ ರೋಗಿಯ ದೊಡ್ಡ ರಕ್ತನಾಳಕ್ಕೆ ಡೈ ಬಿಡಬೇಕೆಂದಿದ್ದರು. ನಳಿಗೆ ಜಾರಿ ಡೈ ನೇರವಾಗಿ ಹೃದಯದ ಬಲನಾಳಕ್ಕೇ ಹೋಯಿತು. ಹಾಗೆ ಆದರೆ ರೋಗಿ ಉಳಿಯುವುದಿಲ್ಲ ಎಂದು ಆಗಿನ ಕಾಲಕ್ಕೆ ಎಲ್ಲರೂ ನಂಬಿದ್ದರು. ರೋಗಿಯ ಹೃದಯ ಕ್ಷಣಕಾಲ ನಿಂತಿತು. ಸೋನ್ಸ್ ‘ಕೆಮ್ಮು’ ಎಂದು ಕೂಗಿದರು. ರೋಗಿ ಕೆಮ್ಮಿದ, ಹೃದಯ ಮತ್ತೆ ಬಡಿಯತೊಡಗಿತು. ಅಲ್ಲಿಂದ ಆಂಜಿಯೋಗ್ರಫಿ ಬೆಳೆಯಿತು.

ಇವತ್ತಿಗೂ ಡೈ ಬಿಟ್ಟಾಗ ಬಡಿತ ನಿಧಾನವಾದರೆ ರೋಗಿಗೆ ಕೆಮ್ಮಲು ಹೇಳುತ್ತೇವೆ. ಸೋಲಾಪುರದ ಲ್ಯಾಬಿನಲ್ಲಿ ಆ ಮಾತು ಮರಾಠಿಯಲ್ಲಿ ಬರುತ್ತದೆ. ‘ಖೋಕಾ, ಖೋಕಾ!’ ಉಸಿರು ಹಿಡಿಯಬೇಕಾದರೆ ‘ಶ್ವಾಸ ರೋಖಾ’. ತಡವಳ, ನಾಗಣಸೂರ, ಮೈಂದರ್ಗಿ ಕಡೆಯ ವಯಸ್ಸಾದ ತಾಯಂದಿರು ಮೇಜಿನ ಮೇಲೆ ಕಣ್ಣು ಪಿಳಿಪಿಳಿ ಬಿಡುತ್ತಾ ಮಲಗಿರುತ್ತಿದ್ದರು. ನಾನು ಗಾಜಿನ ಆಚೆಯಿಂದ ಮೈಕಿನಲ್ಲಿ ‘ಯವ್ವಾ, ಕೆಮ್ಮಬೇ!’ ಎಂದು ಕೂಗಿದ ಮೇಲೆ ಕೆಮ್ಮುತ್ತಿದ್ದರು. ಭಾಷೆ ಇಲ್ಲಿ ಅಭಿಮಾನದ ವಿಷಯ ಅಷ್ಟೇ ಅಲ್ಲ ಅಂತ ನನಗೆ ತಿಳಿದದ್ದು ಆ ಕೋಣೆಯಲ್ಲಿ.

ಈಗ ಡೈಯ ಜಾತಿಗಳ ಮಾತು. ನಾನು ಎಕ್ಸ್‌ರೇ ವಿಭಾಗ ಸೇರಿದಾಗ ಕಿಡ್ನಿಯ ಫೋಟೋಕ್ಕೆ ಯೂರೋಗ್ರಾಫಿನ್ ಎಂಬ ಹಳೆಯ ಡೈ ಬಳಸುತ್ತಿದ್ದೆವು. ಸೂಜಿ ಹಾಕುತ್ತಲೇ ರೋಗಿಗೆ ಮೈಯೆಲ್ಲ ಬೆಂಕಿ ಬಿದ್ದ ಹಾಗೆ ಆಗುತ್ತಿತ್ತು. ಎಷ್ಟೋ ಮಂದಿ ವಾಂತಿ ಮಾಡಿಕೊಳ್ಳುತ್ತಿದ್ದರು. ಮೇಜಿನ ಪಕ್ಕ ಒಂದು ತಾಟು ಇಟ್ಟುಕೊಂಡೇ ನಾವು ಕೆಲಸ ಶುರು ಮಾಡುತ್ತಿದ್ದೆವು.

ಇದು ಯಾಕೆ ಅಂದರೆ, ಉಪ್ಪಿನಕಾಯಿ ಹಾಕುವ ನಮ್ಮ ಹೆಣ್ಣುಮಕ್ಕಳಿಗೆ ಇದು ಸುಲಭವಾಗಿ ತಿಳಿಯುತ್ತದೆ. ಮಾವಿನಕಾಯಿ ಹೋಳಿಗೆ ಉಪ್ಪು ಸವರಿ ಇಟ್ಟರೆ ಬೆಳಗಾಗುವುದರೊಳಗೆ ಹೋಳು ಸೊರಗಿ ಪಾತ್ರೆಯ ತುಂಬ ನೀರು ಬಿಟ್ಟಿರುತ್ತದೆ. ಉಪ್ಪಿನ ದ್ರಾವಣ ಹೊರಗೆ ಗಟ್ಟಿಯಾಗಿದ್ದರೆ ಒಳಗಿನ ನೀರನ್ನು ಎಳೆದುಕೊಳ್ಳುತ್ತದೆ. ರಕ್ತಕ್ಕೂ ಇಂಥ ಒಂದು ಗಟ್ಟಿತನ ಇದೆ. ಅದಕ್ಕೆ ಆಸ್ಮೊಲಾಲಿಟಿ ಅಂತಾರೆ, ಅಳತೆ ಸುಮಾರು 290. ಹಳೆಯ ಡೈಯ ಅಳತೆ 1500ರಿಂದ 2000ದವರೆಗೆ ಹೋಗುತ್ತಿತ್ತು, ಅಂದರೆ ರಕ್ತಕ್ಕಿಂತ ಐದಾರು ಪಟ್ಟು ಹೆಚ್ಚು. ಅದು ರಕ್ತನಾಳದ ಗೋಡೆಯಿಂದ, ರಕ್ತಕಣಗಳಿಂದ ನೀರು ಎಳೆಯುತ್ತಿತ್ತು. ಉರಿ, ವಾಂತಿ, ಬಿಪಿ ಬೀಳುವುದು ಎಲ್ಲಕ್ಕೂ ಅದು ದೊಡ್ಡ ಕಾರಣ.

ಇದಕ್ಕೆ ದಾರಿ ಹುಡುಕಿದವರು ಸ್ವೀಡನ್ನಿನ ಟಾರ್ಸ್ಟನ್ ಆಲ್ಮೆನ್ ಎಂಬ ಎಕ್ಸ್‌ರೇ ಡಾಕ್ಟರ್. ಅವರು ಈಜುವಾಗ ಒಂದು ಗಮನಿಸಿದರು. ಉಪ್ಪು ಹೆಚ್ಚಿರುವ ಸಮುದ್ರದಲ್ಲಿ ಕಣ್ಣು ತೆರೆದರೆ ಉರಿಯುತ್ತದೆ, ಉಪ್ಪು ಕಡಿಮೆ ಇರುವ ನೀರಿನಲ್ಲಿ ಅಷ್ಟು ಉರಿಯುವುದಿಲ್ಲ. ಡೈಯಲ್ಲೂ ಇದೇ ಆಗುತ್ತಿರಬೇಕು ಎಂದು ಅವರು ಯೋಚಿಸಿದರು. ಹಳೆಯ ಡೈ ಉಪ್ಪಿನ ಹಾಗೆ ರಕ್ತದಲ್ಲಿ ಎರಡು ತುಂಡಾಗುತ್ತಿತ್ತು, ಆದ್ದರಿಂದ ಕಣಗಳ ಸಂಖ್ಯೆ ಎರಡು ಪಟ್ಟು. ತುಂಡಾಗದ ಅಣು ಮಾಡಿದರೆ ಅಯೋಡಿನ್ ಅಷ್ಟೇ ಇದ್ದರೂ ಕಣಗಳು ಅರ್ಧವಾಗುತ್ತವೆ. ಆ ವಿಚಾರದಿಂದ 1969ರ ಹೊತ್ತಿಗೆ ನಾರ್ವೆಯ ಒಂದು ಕಂಪನಿ ಮೊದಲ ಹೊಸ ಡೈ ತಯಾರಿಸಿತು. 1980ರ ದಶಕದಲ್ಲಿ ಅಯೋಹೆಕ್ಸಾಲ್ ಬಂತು. ಅದರ ಅಳತೆ 600ರಿಂದ 850ರ ಆಸುಪಾಸು. ಇವನ್ನು ಕಡಿಮೆ ಆಸ್ಮೊಲಾಲಿಟಿಯ ಡೈ ಅಂತಾರೆ. ಮುಂದೆ ಅಯೋಡಿಕ್ಸನಾಲ್ ಬಂತು. ಅದರ ಅಳತೆ ಸರಿಯಾಗಿ ರಕ್ತದಷ್ಟೇ, 290.

ಜಪಾನಿನವರು 1990ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ರೋಗಿಗಳ ಲೆಕ್ಕ ಪ್ರಕಟಿಸಿದರು. ಹಳೆಯ ಡೈ ಪಡೆದವರಲ್ಲಿ ನೂರಕ್ಕೆ ಸುಮಾರು 13 ಮಂದಿಗೆ ಏನಾದರೂ ತೊಂದರೆ ಆಗಿತ್ತು. ಹೊಸದು ಪಡೆದವರಲ್ಲಿ ನೂರಕ್ಕೆ ಮೂರೇ. ತೀವ್ರ ತೊಂದರೆಯಂತೂ ಐದನೆಯ ಒಂದು ಪಾಲಿಗೆ ಇಳಿದಿತ್ತು. ನಾನು ತಾಟು ಇಟ್ಟುಕೊಳ್ಳುವುದನ್ನು ಬಿಟ್ಟದ್ದು ಹೊಸ ಡೈ ಬಂದ ಮೇಲೆ. ಇಂದು ಹೃದಯದ ಕೆಲಸಕ್ಕೆ ಹಳೆಯ ಡೈ ಬಳಸಬಾರದು ಎನ್ನುವುದರಲ್ಲಿ ಡಾಕ್ಟರರಲ್ಲಿ ಎರಡು ಮಾತಿಲ್ಲ.

ಹಾಗಾದರೆ ಆಯ್ಕೆ ಮುಗಿಯಿತಲ್ಲ, ರಕ್ತದಷ್ಟೇ ಇರುವ ದುಬಾರಿ ಡೈ ಎಲ್ಲರಿಗೂ ಹಾಕಿಬಿಡಲಿ ಎಂದು ನೀವು ಕೇಳಬಹುದು. ನಾನೂ ಹಾಗೇ ಕೇಳಿದ್ದೆ. ಇಲ್ಲಿ ಕಿಡ್ನಿಯ ಮಾತು ಬರುತ್ತದೆ.

ಡೈ ದೇಹದಲ್ಲಿ ಉಳಿಯುವುದಿಲ್ಲ. ಕಿಡ್ನಿ ಅದನ್ನು ಸೋಸಿ ಮೂತ್ರದಲ್ಲಿ ಹೊರಹಾಕುತ್ತದೆ. ಒಳ್ಳೆಯ ಕಿಡ್ನಿಗೆ ಇದು ಒಂದು ದಿನದ ಕೆಲಸ. ಮೊದಲೇ ಸೊರಗಿದ ಕಿಡ್ನಿಗೆ ಅದು ಭಾರವಾಗಬಹುದು. ಒಳಗಿನ ಸಣ್ಣ ರಕ್ತನಾಳ ಬಿಗಿಯುತ್ತವೆ, ಸೋಸುವ ಸಣ್ಣ ನಳಿಗೆಗಳಿಗೆ ಪೆಟ್ಟಾಗುತ್ತದೆ. ಎರಡು ಮೂರು ದಿನದಲ್ಲಿ ರಕ್ತದ ಕ್ರಿಯಾಟಿನಿನ್ ಏರುತ್ತದೆ. ಬಹಳ ಮಂದಿಗೆ ಅದು ಒಂದೆರಡು ವಾರದಲ್ಲಿ ತಾನೇ ಇಳಿಯುತ್ತದೆ. ಕೆಲವರಿಗೆ ಇಳಿಯುವುದಿಲ್ಲ, ಡಯಾಲಿಸಿಸ್‌ವರೆಗೆ ಹೋದವರೂ ಇದ್ದಾರೆ. ಯಾರಿಗೆ ಹೆಚ್ಚು ಭಯ? ಕಿಡ್ನಿ ಮೊದಲೇ ಕುಂದಿದವರಿಗೆ, ಅದರ ಜೊತೆ ಸಕ್ಕರೆ ಕಾಯಿಲೆ ಇದ್ದವರಿಗೆ, ವಯಸ್ಸಾದವರಿಗೆ, ಹೃದಯದ ಪಂಪ್ ದುರ್ಬಲವಾದವರಿಗೆ, ಮೈಯಲ್ಲಿ ನೀರಿನ ಅಂಶ ಒಣಗಿದವರಿಗೆ.

2003ರಲ್ಲಿ ಯುರೋಪಿನಲ್ಲಿ ಇಂಥ 129 ರೋಗಿಗಳ ಮೇಲೆ ಒಂದು ಪರೀಕ್ಷೆ ನಡೆಯಿತು. ಎಲ್ಲರಿಗೂ ಸಕ್ಕರೆ ಕಾಯಿಲೆ, ಎಲ್ಲರ ಕಿಡ್ನಿಯೂ ಕುಂದಿತ್ತು. ಅಯೋಹೆಕ್ಸಾಲ್ ಪಡೆದವರಲ್ಲಿ ನೂರಕ್ಕೆ 26 ಮಂದಿಯ ಕ್ರಿಯಾಟಿನಿನ್ ಏರಿತು, ಅಯೋಡಿಕ್ಸನಾಲ್ ಪಡೆದವರಲ್ಲಿ ನೂರಕ್ಕೆ ಮೂವರದು ಮಾತ್ರ. ಆಗ ಎಲ್ಲ ಕಡೆ ದುಬಾರಿ ಡೈಯೇ ಸುರಕ್ಷಿತ ಎಂಬ ಮಾತು ಹಬ್ಬಿತು. ಆದರೆ 2007ರಲ್ಲಿ 414 ರೋಗಿಗಳ ಮೇಲೆ ನಡೆದ ಇನ್ನೊಂದು ಪರೀಕ್ಷೆಯಲ್ಲಿ ಅದೇ ಅಯೋಡಿಕ್ಸನಾಲನ್ನು ಅಯೋಪಮಿಡಾಲ್ ಎಂಬ ಬೇರೆ ಡೈಗೆ ಹೋಲಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಕಾರಣ ಹುಡುಕಿದರೆ ಒಂದು ಹೊಳೆಯುತ್ತದೆ. ಅಯೋಡಿಕ್ಸನಾಲ್ ಮಂದವಾದ ದ್ರವ. ಜೋನಿಬೆಲ್ಲದ ಹಾಗೆ ನಿಧಾನ ಹರಿಯುತ್ತದೆ. ಅದಕ್ಕೇ ಅದನ್ನು ಮೈಬಿಸಿಗೆ, ಅಂದರೆ 37 ಡಿಗ್ರಿಗೆ ಬೆಚ್ಚಗೆ ಮಾಡಿ ಬಳಸುತ್ತೇವೆ. ಒಂದು ಕಡೆ ಗಟ್ಟಿತನ ಕಡಿಮೆ ಆದರೆ ಇನ್ನೊಂದು ಕಡೆ ಮಂದತನ ಹೆಚ್ಚಾಯಿತು. ಕಿಡ್ನಿಗೆ ಎರಡೂ ಲೆಕ್ಕಕ್ಕೆ ಬರುತ್ತವೆ.

ಆದ್ದರಿಂದ ಈಗ ಡಾಕ್ಟರರು ಹೇಳುವುದು ಇಷ್ಟು. ಹಳೆಯ ಡೈ ಬೇಡ. ಕಡಿಮೆ ಆಸ್ಮೊಲಾಲಿಟಿಯದಾಗಲಿ, ರಕ್ತದಷ್ಟೇ ಇರುವುದಾಗಲಿ ನಡೆಯುತ್ತದೆ. ಕಿಡ್ನಿ ಬಹಳ ಕುಂದಿದ್ದರೆ ಕೆಲವರು ಎರಡನೆಯದನ್ನು ಆರಿಸುತ್ತಾರೆ. ಉಳಿದ ಸುರಕ್ಷತೆ ಬಾಟಲಿಯ ಹೊರಗೆ ಇದೆ. ರೋಗಿಯ ಕಿಡ್ನಿ ಹೇಗಿದೆ, ಮೈಯಲ್ಲಿ ನೀರು ಎಷ್ಟಿದೆ, ಯಾವ ಗುಳಿಗೆ ನುಂಗುತ್ತಿದ್ದಾರೆ, ಡೈ ಎಷ್ಟು ಮಿಲಿಲೀಟರ್ ಹೋಗುತ್ತದೆ. ಇದರಲ್ಲಿ ಅರ್ಧ ಡಾಕ್ಟರರ ಕೈಯಲ್ಲಿದ್ದರೆ ಅರ್ಧ ನಮ್ಮ ಮನೆಯವರ ಕೈಯಲ್ಲಿದೆ.

ನಮ್ಮ ದೊಡ್ಡವ್ವನ ವಿಷಯದಲ್ಲಿ ಇದು ನನಗೆ ಸ್ಪಷ್ಟವಾಯಿತು. ಆಕೆಗೆ ಆಗ 66 ವರ್ಷ. ಸಕ್ಕರೆ ಕಾಯಿಲೆ ಹದಿನೈದು ವರ್ಷದ್ದು. ಬೋರಿ ಹೊಳೆಯ ದಂಡೆಯ ಹೊಲಕ್ಕೆ ನಡೆಯುವಾಗ ಎದೆ ಬಿಗಿಯುತ್ತದೆ, ನಿಂತರೆ ಹಗುರಾಗುತ್ತದೆ ಎಂದು ಹೇಳುತ್ತಿದ್ದಳು. ಸೋಲಾಪುರದಲ್ಲಿ ತೋರಿಸಿದೆವು. ಆಂಜಿಯೋಗ್ರಫಿ ಬೇಕು ಎಂದರು. ಭರ್ತಿಯಾಗುವ ದಿನ ಒಬ್ಬ ಸಿಸ್ಟರ್ ಬಂದು ಫಾರ್ಮ್ ಹಿಡಿದು ಮರಾಠಿಯಲ್ಲಿ ಕೇಳತೊಡಗಿದರು. ಹಿಂದೆ ಡೈ ಹಾಕಿಸಿಕೊಂಡಿದ್ದೀರಾ? ‘ಹೋ.’ ಅಲರ್ಜಿ ಇದೆಯಾ? ‘ಹೋ.’ ನೋವಿನ ಗುಳಿಗೆ ತಗೊಳ್ತೀರಾ? ‘ನಾಹೀ.’ ದೊಡ್ಡವ್ವನಿಗೆ ಸಂತೆಯ ಮರಾಠಿ ಬರುತ್ತದೆ, ದವಾಖಾನೆಯ ಮರಾಠಿ ಬರುವುದಿಲ್ಲ. ದೊಡ್ಡವರು ಕೇಳಿದರೆ ಹೂಂ ಅನ್ನಬೇಕು ಎಂದು ತಿಳಿದವಳು. ಸಿಸ್ಟರದು ಏನೂ ತಪ್ಪಿಲ್ಲ. ಅವರು ಕೇಳಿದ್ದನ್ನು ಬರೆದುಕೊಂಡರು.

ನಾನು ಪಕ್ಕಕ್ಕೆ ಕೂತು ಕೇಳಿದೆ. ‘ದೊಡ್ಡವ್ವಾ, ಮೊಣಕಾಲ ನೋವಿಗೆ ಏನ್ ತಗೋತಿ?’

‘ಏನಿಲ್ಲ ತಮ್ಮಾ.’

‘ಖರೆ ಹೇಳು.’

‘ಅಂಗಡ್ಯಾಂವ ಕೊಡ್ತಾನಲ್ಲ, ಆ ಕೆಂಪು ಗುಳಿಗಿ. ದಿನಾ ಎರಡು. ಅದೇನ್ ಔಷಧೇನೋ, ಬರೇ ನೋವಿಂದು.’

‘ಎಷ್ಟ್ ದಿನ ಆತು?’

‘ನಿನ್ನ ತಂಗಿ ಮದಿವಿ ಆದಾಗಿಂದ.’

ಮದುವೆಯಾಗಿ ಎರಡು ವರ್ಷವಾಗಿತ್ತು. ಚೀಟಿ ತರಿಸಿ ನೋಡಿದರೆ ಡೈಕ್ಲೋಫೆನಾಕ್. ನೋವಿನ ಈ ಜಾತಿಯ ಗುಳಿಗೆಗಳು ದಿನಾ ನುಂಗಿದರೆ ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಆಕೆಯ ಕ್ರಿಯಾಟಿನಿನ್ 1.8 ಬಂದಿತ್ತು. ನೋಡಲು ಸಣ್ಣ ಅಂಕಿ. ವಯಸ್ಸು, ಹೆಣ್ಣು ಗಂಡು ಎಂಬುದನ್ನು ಸೇರಿಸಿ ಕಿಡ್ನಿಯ ಸೋಸುವ ಶಕ್ತಿಯ ಲೆಕ್ಕ ಹಾಕುತ್ತಾರೆ, ಅದಕ್ಕೆ ಇಜಿಎಫ್‌ಆರ್ ಅಂತಾರೆ. ದೊಡ್ಡವ್ವನದು 31 ಬಂತು. 90ಕ್ಕಿಂತ ಮೇಲಿದ್ದರೆ ಚೆನ್ನಾಗಿದೆ ಎಂದು ಲೆಕ್ಕ. ಅಂದರೆ ಕಿಡ್ನಿ ಮೂರನೆಯ ಒಂದು ಪಾಲು ಕೆಲಸ ಮಾಡುತ್ತಿತ್ತು.

ಡಾಕ್ಟರರಿಗೆ ಹೇಳಿದೆ. ಅವರು ಫೈಲು ಮುಚ್ಚಿ ನಿಧಾನವಾಗಿ ಹೇಳಿದರು: ಹೃದಯಾಘಾತ ಆಗಿಲ್ಲ, ನಡೆದರೆ ಮಾತ್ರ ನೋವು, ಹತ್ತು ದಿನ ತಡೆಯಬಹುದು. ನೋವಿನ ಗುಳಿಗೆ ಇವತ್ತೇ ಬಂದ್. ಹೃದಯದ ಗುಳಿಗೆ ಶುರು. ನೋವು ಕೂತಲ್ಲೇ ಬಂದರೆ ತಕ್ಷಣ ಕರಕೊಂಡು ಬರ್ರಿ. ಹತ್ತು ದಿನದ ಮೇಲೆ ನೋಡಿದರೆ ಕ್ರಿಯಾಟಿನಿನ್ 1.5ಕ್ಕೆ ಇಳಿದಿತ್ತು, ಸೋಸುವ ಶಕ್ತಿ 38ಕ್ಕೆ ಏರಿತ್ತು. ಬಾಟಲಿ ಬದಲಿಸದೆ, ಒಂದು ರೂಪಾಯಿ ಖರ್ಚಿಲ್ಲದೆ ಆದ ಸುಧಾರಣೆ ಅದು. ಆಕೆ ಕನ್ನಡದಲ್ಲಿ ಒಂದು ಮಾತು ಹೇಳಿದ್ದರಿಂದ ಆದದ್ದು.

ಆಮೇಲೆ ಮೆಟ್‌ಫಾರ್ಮಿನ್ ನಿಲ್ಲಿಸಿದರು. ಸಕ್ಕರೆಯ ಈ ಗುಳಿಗೆ ಕಿಡ್ನಿ ಕೆಡಿಸುವುದಿಲ್ಲ. ಆದರೆ ಕಿಡ್ನಿ ಒಮ್ಮೆಲೆ ನಿಧಾನವಾದರೆ ಅದು ಮೈಯಲ್ಲೇ ಉಳಿದು ರಕ್ತದಲ್ಲಿ ಆಮ್ಲ ಹೆಚ್ಚಾಗಬಹುದು. ಅದಕ್ಕೆ ಕಿಡ್ನಿ ಕುಂದಿದವರಿಗೆ ಎರಡು ದಿನ ತಡೆದು, ರಿಪೋರ್ಟ್ ನೋಡಿ ಮತ್ತೆ ಕೊಡುತ್ತಾರೆ. ಯಾರದು ನಿಲ್ಲಿಸಬೇಕು, ಯಾರದು ಬೇಡ ಎನ್ನುವುದನ್ನು ಡಾಕ್ಟರರೇ ಹೇಳಬೇಕು. ಬಿಪಿಯ ಗುಳಿಗೆಯನ್ನೋ ರಕ್ತ ತೆಳು ಮಾಡುವ ಗುಳಿಗೆಯನ್ನೋ ತಾವೇ ನಿಲ್ಲಿಸಿ ಬರುವವರನ್ನು ನೋಡಿದ್ದೇನೆ, ಅದು ಅಪಾಯ.

ನೀರಿನ ವಿಷಯ ನಮ್ಮ ಕಡೆಯವರು ಮನಸ್ಸಿಟ್ಟು ಓದಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಸೋಲಾಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ‘ನಾಳೆ ಉಪವಾಸ ಬರ್ರಿ’ ಎಂದು ಹೇಳಿರುತ್ತಾರೆ. ನಮ್ಮ ಮಂದಿ ಹಿಂದಿನ ರಾತ್ರಿಯಿಂದಲೇ ನೀರನ್ನೂ ಮುಟ್ಟುವುದಿಲ್ಲ. ಬೆಳಿಗ್ಗೆ ಎಸ್‌ಟಿ ಬಸ್ಸಿನಲ್ಲಿ ನಲವತ್ತು ಕಿಲೋಮೀಟರ್ ಬೆವರುತ್ತಾ ಬರುತ್ತಾರೆ. ಪಾಳಿಯಲ್ಲಿ ಮಧ್ಯಾಹ್ನ ಆಗುತ್ತದೆ. ಮೇಜಿನ ಮೇಲೆ ಮಲಗುವಾಗ ತುಟಿ ಒಣಗಿರುತ್ತದೆ. ಒಣಗಿದ ಮೈಯಲ್ಲಿ ಡೈ ಕಿಡ್ನಿಯೊಳಗೆ ಗಟ್ಟಿಯಾಗಿ ನಿಲ್ಲುತ್ತದೆ. ಉಪವಾಸ ಎಂದರೆ ಊಟ ಬಿಡುವುದು. ನೀರು ಎಷ್ಟು ಹೊತ್ತಿನವರೆಗೆ ಕುಡಿಯಬಹುದು ಎಂದು ಬೇರೆಯಾಗಿ ಕೇಳಬೇಕು. ಬಹಳ ಸಲ ಎರಡು ತಾಸು ಮೊದಲಿನವರೆಗೆ ಬಿಡುತ್ತಾರೆ.

ಕಿಡ್ನಿ ಕುಂದಿದವರಿಗೆ ಮುಂಚೆಯೇ ಸಲೈನ್ ಹಾಕುತ್ತಾರೆ. ಇದರಲ್ಲೂ ಹದ ಬೇಕು, ಏಕೆಂದರೆ ಪಂಪ್ ದುರ್ಬಲವಾದ ಹೃದಯಕ್ಕೆ ನೀರು ಹೆಚ್ಚಾದರೆ ಪುಪ್ಪುಸದಲ್ಲಿ ತುಂಬಿ ಉಸಿರು ಕಟ್ಟುತ್ತದೆ. 2014ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಹೃದಯದೊಳಗಿನ ಒತ್ತಡ ಅಳೆದು, ಅದಕ್ಕೆ ತಕ್ಕಷ್ಟು ಸಲೈನ್ ಕೊಟ್ಟರು. ಎಲ್ಲರಿಗೂ ಒಂದೇ ಅಳತೆ ಕೊಟ್ಟಾಗ ನೂರಕ್ಕೆ 16 ಮಂದಿಯ ಕಿಡ್ನಿಗೆ ತೊಂದರೆಯಾಗಿತ್ತು, ಅಳೆದು ಕೊಟ್ಟಾಗ ಅದು ಏಳಕ್ಕೆ ಇಳಿಯಿತು. ಹಿಂದೆ ಕಿಡ್ನಿ ಉಳಿಸುತ್ತದೆ ಎಂದು ಒಂದು ಪುಡಿ, ಅಸೆಟೈಲ್‌ಸಿಸ್ಟೀನ್, ಕುಡಿಸುತ್ತಿದ್ದರು. 2018ರಲ್ಲಿ ಐದು ಸಾವಿರ ರೋಗಿಗಳ ದೊಡ್ಡ ಪರೀಕ್ಷೆಯಲ್ಲಿ ಅದರಿಂದ ಏನೂ ಲಾಭವಿಲ್ಲ ಎಂದು ತಿಳಿಯಿತು. ಪುಡಿ ಹೋಯಿತು, ನೀರು ಉಳಿಯಿತು.

ಕಡೆಯದು ಡೈಯ ಪ್ರಮಾಣ. ಬರೀ ಆಂಜಿಯೋಗ್ರಫಿಗೆ ಸಾಮಾನ್ಯವಾಗಿ 30ರಿಂದ 60 ಮಿಲಿಲೀಟರ್ ಸಾಕು. ಸ್ಟೆಂಟ್ ಹಾಕುವುದಾದರೆ 100, 150, ಕಷ್ಟದ ಬ್ಲಾಕ್ ಇದ್ದರೆ 200ನ್ನೂ ದಾಟಬಹುದು. ಸೋಸುವ ಶಕ್ತಿಯ ಅಂಕಿಯ ಮೂರು ಪಟ್ಟಿಗಿಂತ ಹೆಚ್ಚು ಹೋಗಬಾರದು ಎಂದು ಡಾಕ್ಟರರು ಒಂದು ಅಂದಾಜು ಇಟ್ಟುಕೊಳ್ಳುತ್ತಾರೆ. ಕಿಡ್ನಿ ಕುಂದಿದವರಿಗೆ ಅದಕ್ಕಿಂತಲೂ ಕಡಿಮೆಯಲ್ಲಿ ಮುಗಿಸಲು ನೋಡುತ್ತಾರೆ. 2022ರಲ್ಲಿ ಶಾಂಘೈ ನಗರ ಲಾಕ್‌ಡೌನ್ ಆಗಿ ಅಲ್ಲಿನ ಒಂದು ದೊಡ್ಡ ಡೈ ಕಾರ್ಖಾನೆಯ ಕೆಲಸ ನಿಂತಾಗ ಅಮೆರಿಕದ ದೊಡ್ಡ ಆಸ್ಪತ್ರೆಗಳಲ್ಲೇ ಡೈಯ ಕೊರತೆಯಾಯಿತು. ಆಗ ಅವರು ಹನಿಹನಿ ಲೆಕ್ಕ ಹಾಕಿ ಬಳಸಿದರು. ಮನಸ್ಸು ಮಾಡಿದರೆ ಕಡಿಮೆ ಡೈಯಲ್ಲೂ ಕೆಲಸ ನಡೆಯುತ್ತದೆ ಎಂಬುದನ್ನು ಆ ಕೊರತೆ ತೋರಿಸಿತು.

ದೊಡ್ಡವ್ವನಿಗೆ ರಾತ್ರಿಯೆಲ್ಲ ಸಲೈನ್ ಹನಿಸಿ, ಬೆಳಿಗ್ಗೆ ಅಯೋಡಿಕ್ಸನಾಲ್ ಬೆಚ್ಚಗೆ ಮಾಡಿ, 38 ಮಿಲಿಲೀಟರಿನಲ್ಲಿ ಫೋಟೋ ಮುಗಿಸಿದರು. ಎಡನಾಳದಲ್ಲಿ ನೂರಕ್ಕೆ 90 ಬ್ಲಾಕ್ ಇತ್ತು. ಕೈಯೊಂದಿಗೆ ಸ್ಟೆಂಟ್ ಹಾಕಿಬಿಡಿ ಎಂದು ನಮ್ಮ ಕಾಕಾ ಒತ್ತಾಯಿಸಿದರು. ಎರಡು ಸಲ ಬಂದರೆ ಖರ್ಚು, ಓಡಾಟ ಎಂಬ ಚಿಂತೆ ಅವರದು. ಡಾಕ್ಟರರು ಒಪ್ಪಲಿಲ್ಲ. ‘ಕಾಕಾ, ಕಿಡ್ನಿಗೆ ಉಸಿರಾಡ್ಲಿಕ್ಕೆ ಎರಡು ವಾರ ಕೊಡೋಣ’ ಎಂದರು. ಎರಡು ವಾರದ ಮೇಲೆ ಸ್ಟೆಂಟ್ ಹಾಕಿದಾಗ 70 ಮಿಲಿಲೀಟರ್ ಹೋಯಿತು. ಎರಡು ದಿನದ ಮೇಲಿನ ಕ್ರಿಯಾಟಿನಿನ್ 1.6. ದೊಡ್ಡವ್ವ ಈಗಲೂ ಹೊಲಕ್ಕೆ ಹೋಗುತ್ತಾಳೆ.

ಇಷ್ಟು ಓದಿ ಯಾರಾದರೂ ಡೈ ಎಂದರೆ ವಿಷ ಎಂದು ತಿಳಿದರೆ ನನ್ನ ಬರಹ ಕೆಟ್ಟಿತು ಎಂದೇ ಅರ್ಥ. ಆ ಹೆದರಿಕೆಯಿಂದ ಆದ ಹಾನಿಯನ್ನೂ ನಾನು ಕಂಡಿದ್ದೇನೆ. ಪಕ್ಕದ ಊರಿನ ರೈತರೊಬ್ಬರು, ಐವತ್ತರ ಆಸುಪಾಸು, ನಟ್ಟಿರುಳಿನಲ್ಲಿ ಹೃದಯಾಘಾತವಾಗಿ ಬಂದರು. ‘ಡೈ ಹಾಕಿದ್ರ ಕಿಡ್ನಿ ಹೋಗ್ತದಂತ, ನಮ್ಮ ಬೀಗರಿಗೆ ಹಂಗ ಆಗಿತ್ತು’ ಎಂದು ಮನೆಯವರು ಸಹಿ ಹಾಕಲಿಲ್ಲ. ಬೆಳಗಾಗುವವರೆಗೆ ಫೋನಿನಲ್ಲಿ ಚರ್ಚೆ ನಡೆಯಿತು. ಬೆಳಿಗ್ಗೆ ಒಪ್ಪಿದರು, ನಾಳ ತೆರೆಯಿತು. ಆದರೆ ಆ ಆರು ತಾಸಿನಲ್ಲಿ ಹೃದಯದ ಸ್ನಾಯುವಿನ ದೊಡ್ಡ ಭಾಗ ಸತ್ತಿತ್ತು. ಅವರ ಕಿಡ್ನಿ ಚೆನ್ನಾಗಿಯೇ ಇತ್ತು, ಚೆನ್ನಾಗಿಯೇ ಉಳಿಯಿತು. ಈಗ ಅವರಿಗೆ ಒಂದು ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆ, ಗಳೆ ಹಿಡಿಯುವುದು ನಿಂತಿದೆ.

ಅದೇ ವರ್ಷ ಸೋಲಾಪುರದ ಒಬ್ಬ ಪವರ್‌ಲೂಮ್ ಕಾರ್ಮಿಕ ಲುಂಗಿಯಲ್ಲೇ ಬಂದಿದ್ದ. ಕಿಡ್ನಿಯ ರಿಪೋರ್ಟ್ ಕಾಯಲಿಲ್ಲ, ಬಂದ ಅರ್ಧ ತಾಸಿನೊಳಗೆ ಮೇಜಿನ ಮೇಲಿದ್ದ. ಆಮೇಲೆ ನೋಡಿದರೆ ಕ್ರಿಯಾಟಿನಿನ್ 1.9 ಇತ್ತು, ಮೂರನೇ ದಿನ 2.4ಕ್ಕೆ ಏರಿತು, ಎರಡು ವಾರಕ್ಕೆ ಮತ್ತೆ ಇಳಿಯಿತು. ಮನುಷ್ಯ ಮಗ್ಗಕ್ಕೆ ಮರಳಿದ. ಹೃದಯಾಘಾತದಲ್ಲಿ ಹೊತ್ತೇ ಸ್ನಾಯು. ಅಲ್ಲಿ ಮೊದಲು ನಾಳ ತೆರೆಯಬೇಕು, ಕಿಡ್ನಿಯನ್ನು ಜೊತೆಜೊತೆಗೆ ನೋಡಿಕೊಳ್ಳಬೇಕು. ಹತ್ತು ದಿನ ಕಾಯುವ ಮಾತು ದೊಡ್ಡವ್ವನಂಥ, ನಡೆದಾಗ ಮಾತ್ರ ನೋವು ಬರುವ ಪ್ರಕರಣಗಳಿಗೆ. ಯಾವುದು ಯಾವ ಜಾತಿ ಎಂದು ತೀರ್ಮಾನಿಸುವವರು ಡಾಕ್ಟರರು, ಬೀಗರಲ್ಲ.

ಅಲರ್ಜಿಯ ಬಗ್ಗೆ ಒಂದೆರಡು ಮಾತು. ಮೀನು ತಿಂದರೆ ಮೈ ಕಡಿಯುವವರು ಡೈ ಹಾಕಿಸಿಕೊಳ್ಳಬಾರದು ಎಂಬ ನಂಬಿಕೆ ದವಾಖಾನೆಯವರಲ್ಲೂ ಇತ್ತು. ಮೀನಿನ ಅಲರ್ಜಿ ಮೀನಿನ ಪ್ರೋಟೀನಿನದು, ಅಯೋಡಿನ್ನಿಗೆ ಸಂಬಂಧವಿಲ್ಲ. ನಿಜವಾಗಿ ಹೇಳಲೇಬೇಕಾದದ್ದು ಹಿಂದೆ ಡೈ ಹಾಕಿದಾಗ, ಸಿಟಿ ಸ್ಕ್ಯಾನಿನಲ್ಲಾದರೂ ಸರಿ, ಮೈಮೇಲೆ ದದ್ದು ಬಂದಿತ್ತೇ, ಉಸಿರು ಕಟ್ಟಿತ್ತೇ ಎಂಬುದು. ಆಗ ಬೇರೆ ಡೈ ಆರಿಸುತ್ತಾರೆ, ಕೆಲವು ತಾಸು ಮೊದಲೇ ಸ್ಟೆರಾಯ್ಡ್ ಕೊಡುತ್ತಾರೆ. ದಮ್ಮಿನ ಕಾಯಿಲೆ, ಥೈರಾಯ್ಡ್ ಇದ್ದರೂ ಹೇಳಬೇಕು.

ಫುಲೆ ಯೋಜನೆಯ ಕಾರ್ಡಿನ ಮೇಲೆ ಬಂದವರು ಏನು ಕೇಳುವುದಕ್ಕೂ ಹಿಂಜರಿಯುತ್ತಾರೆ, ಪುಕ್ಕಟೆ ಮಾಡುವಾಗ ಪ್ರಶ್ನೆ ಏಕೆ ಎಂದು. ಕಾರ್ಡಿದ್ದರೂ ಕಿಡ್ನಿ ನಮ್ಮದೇ. ಮೂರು ಮಾತು ಮರ್ಯಾದೆಯಿಂದ ಕೇಳಬಹುದು: ಸಾಹೇಬರ, ಕಿಡ್ನಿ ರಿಪೋರ್ಟ್ ಹೆಂಗದ? ನೀರು ಎಷ್ಟೊತ್ತಿನ ತನಕ ಕುಡೀಬಹುದು? ಎರಡು ದಿನ ಬಿಟ್ಟು ಕ್ರಿಯಾಟಿನಿನ್ ಮತ್ತ ನೋಡಬೇಕೇನು? ಈ ಮೂರಕ್ಕೆ ಸಿಟ್ಟಾಗುವ ಡಾಕ್ಟರರನ್ನು ನಾನು ಕಂಡಿಲ್ಲ. ಕಡೆಯ ಪ್ರಶ್ನೆ ಮುಖ್ಯ, ಏಕೆಂದರೆ ಬಹಳ ಮಂದಿ ಮರುದಿನವೇ ಊರಿಗೆ ಬರುತ್ತಾರೆ. ಕ್ರಿಯಾಟಿನಿನ್ ಏರುವುದು ಆಮೇಲೆ. ಅಕ್ಕಲಕೋಟದಲ್ಲೇ ರಕ್ತ ಕೊಟ್ಟು ರಿಪೋರ್ಟ್ ಫೋನಿನಲ್ಲಿ ಕಳಿಸಿದರೆ ಸಾಕು.

ನಮ್ಮ ವಾಚನಾಲಯದವರಿಗೂ, ಕನ್ನಡ ಶಾಲೆಯ ಗುರುಗಳಿಗೂ ನನ್ನದೊಂದು ವಿನಂತಿ. ಮನೆಯಲ್ಲಿ ಸಕ್ಕರೆ, ಬಿಪಿ ಇರುವ ಹಿರಿಯರಿಗಾಗಿ ಒಂದು ಹಾಳೆ ಬರೆದುಕೊಡಿ. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ನುಂಗುವ ಎಲ್ಲ ಗುಳಿಗೆಯ ಹೆಸರು, ಅಂಗಡಿಯಿಂದ ತಂದ ನೋವಿನದೂ, ವೈದ್ಯರು ಕೊಟ್ಟ ಭಸ್ಮವೂ ಸೇರಿ. ಕಡೆಯ ಕ್ರಿಯಾಟಿನಿನ್ ಎಷ್ಟು, ಯಾವ ತಾರೀಖಿನದು. ಹಿಂದೆ ಡೈ ಹಾಕಿದ್ದು ಯಾವಾಗ, ಏನಾದರೂ ಆಗಿತ್ತೇ. ಎಂಟನೇ ಇಯತ್ತೆಯ ಮಕ್ಕಳಿಗೆ ಎರಡೂ ಭಾಷೆ ಬರೆಯಲು ಬರುತ್ತದೆ, ಅವರ ಕೈಯಿಂದಲೇ ಅಜ್ಜ ಅಜ್ಜಿಯ ಹಾಳೆ ಬರೆಸಬಹುದು. ರೇಶನ್ ಕಾರ್ಡಿನ ಜೊತೆ ಅದೇ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ನಡುರಾತ್ರಿಯಲ್ಲೂ ಕೈಗೆ ಸಿಗುತ್ತದೆ. ವಾಚನಾಲಯದವರು ಒಪ್ಪಿದರೆ ಬರುವ ಭಾನುವಾರದಿಂದ ನಾನು ಅಲ್ಲಿ ಕೂತು ಬರೆಯಲು ನೆರವಾಗುತ್ತೇನೆ. ಬರುವಾಗ ಗುಳಿಗೆಯ ಖಾಲಿ ಚೀಟಿಗಳನ್ನು ಬಿಸಾಡದೆ ತರ್ರಿ.